ಇಪ್ಪತ್ತೇಳನೇ ನಂಬರಿನ ಅಂಗಿ

ಸೂಜಿಗೆ ದಾರ ಪೋಣಿಸುವ ಮೊದಲು ದಾರದ ತುದಿಯನ್ನು ತುಟಿಗೆ ತಾಗಿಸುವುದು ದರ್ಜಿಗಳ ಹುಟ್ಟುಗುಣ. ರೋಜಾ ಹಿಡಿದ ದಿನ ಹಾಗೆ ಮಾಡುವಂತಿಲ್ಲ. ಒದ್ದೆಯಾದ ದಾರವನ್ನು ಮತ್ತೆ ಮತ್ತೆ ಬಾಯಿಗಿಟ್ಟರೆ ಉಪವಾಸ ಕೆಡುವ ಭಯ. ಅಬ್ಬಾ ಇದ್ದಾಗ ರಂಜಾನಿನ ಮೊದಲ ವಾರವಿಡೀ ನನ್ನ ಕೈಯನ್ನು ಗಜಕಡ್ಡಿಯಿಂದ ತಟ್ಟುತ್ತಿದ್ದರು. ದಾರವನ್ನು ಓರೆಯಾಗಿ ಕತ್ತರಿಸಿ, ಮೇಣದ ತುಂಡಿನ ಮೇಲೆ ಒಮ್ಮೆ ಎಳೆದು, ಎರಡು ಬೆರಳ ನಡುವೆ ಹೊಸೆದರೆ ಒಣದಾರವೂ ಸಲೀಸಾಗಿ ಸೂಜಿಯ ಕಣ್ಣು ಹೊಗುತ್ತದೆ ಎಂದು ಕಲಿಸಿದವರು ಅವರೇ. ಈಗ ನನ್ನ ಕಣ್ಣೇ ಮಂಜಾಗಿ ಅಂಗಡಿ ಮುಚ್ಚಿದ್ದೇನೆ. ಆದರೂ ರಂಜಾನ್ ಚಂದ್ರ ಕಂಡ ಮರುದಿನ ಬೆಳಿಗ್ಗೆ ಕೈ ಆ ಮೇಣದ ತುಂಡನ್ನು ಹುಡುಕುತ್ತದೆ. ನನ್ನ ಹೆಂಡತಿ ಅದನ್ನು ನೋಡಿ ನಗುತ್ತಾಳೆ.

ಶಿರಸಿಯ ಹಳೇ ಪೇಟೆಯ ಓಣಿಯಲ್ಲಿ ನಮ್ಮದು ಎರಡು ಮಷಿನ್ನಿನ ಅಂಗಡಿ. ವರ್ಷದ ಹನ್ನೊಂದು ತಿಂಗಳು ಯಾರ ಅಂಗಿ ಬಂದರೂ ಕೂಲಿಗೆ ಹೊಲಿಯುತ್ತಿದ್ದೆವು. ರಂಜಾನಿನಲ್ಲಿ ಮಾತ್ರ ಒಂದು ಬೇರೆ ಕೆಲಸ ಇರುತ್ತಿತ್ತು. ನಮ್ಮ ಮೊಹಲ್ಲಾದ ಕಮಿಟಿಯವರು ಜಕಾತ್ ಹಣದಲ್ಲಿ, ಎಂದರೆ ಉಳ್ಳವರು ವರ್ಷಕ್ಕೊಮ್ಮೆ ಇಲ್ಲದವರಿಗಾಗಿ ತೆಗೆದಿಡಲೇಬೇಕಾದ ಪಾಲಿನಲ್ಲಿ, ಬಟ್ಟೆಯ ತಾನು, ಇಡೀ ಸುರುಳಿಯನ್ನೇ, ತಂದು ಇಳಿಸುತ್ತಿದ್ದರು. ಅದರಲ್ಲಿ ಗಂಡುಮಕ್ಕಳ ಹಬ್ಬದ ಅಂಗಿ ಹೊಲಿಯುವುದು ನಮ್ಮ ಅಂಗಡಿಯ ಪಾಲು. ಅದಕ್ಕೆ ಅಬ್ಬಾ ಕೂಲಿ ಮುಟ್ಟುತ್ತಿರಲಿಲ್ಲ. ಅವರು ಹೋದ ಮೇಲೆ ನಾನೂ ಮುಟ್ಟಲಿಲ್ಲ. ಅಂಗಿ ಯಾರ ಮನೆಗೆ ಹೋಗುತ್ತದೆ ಎಂದು ನಮಗೆ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಹೆಸರಿನ ಪಟ್ಟಿ ಇರುತ್ತಿದ್ದುದು ಕಮಿಟಿಯ ಹಿರಿಯರಾದ ಹಾಜಿ ಸಾಹೇಬರ ಹೆಂಡತಿಯ ಬಳಿ. ನಮ್ಮ ಕೈಗೆ ಬರುತ್ತಿದ್ದುದು ಬರೀ ನಂಬರು.

ನಾನು ಹೇಳಹೊರಟಿರುವುದು ನಾಲ್ಕು ವರ್ಷದ ಹಿಂದಿನ ರಂಜಾನಿನ ಮಾತು. ಆ ಕೆಲಸದ ಕೊನೆಯ ವರ್ಷ ಅದು. ಆಗ ಅದು ಕೊನೆಯದೆಂದು ನನಗೆ ಗೊತ್ತಿರಲಿಲ್ಲ. ನಮ್ಮವರ ಜೊತೆ ನಾನು ಆಡುವುದು ಉರ್ದುವಾದರೂ ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಶಿರಸಿಯಲ್ಲಿ ನಮ್ಮ ಉರ್ದುವೂ ಅರ್ಧ ಕನ್ನಡವೇ.

ಆ ವರ್ಷ ಒಂದು ಹೊಸ ಪದ್ಧತಿ ಮಾಡಿದೆ. ಅದಕ್ಕೆ ಮೊದಲು ಮಕ್ಕಳ ಅಳತೆ ಚೀಟಿಯಲ್ಲಿ ಬರೆದು ಬರುತ್ತಿತ್ತು. ಯಾರೋ ದಾರದಲ್ಲಿ ಅಳೆದು, ಇನ್ಯಾರೋ ಅಂದಾಜು ಬರೆದು, ಹಬ್ಬದ ದಿನ ನೋಡಿದರೆ ಒಬ್ಬನಿಗೆ ತೋಳು ಬೆರಳು ದಾಟಿದೆ, ಇನ್ನೊಬ್ಬನ ಹೊಟ್ಟೆ ಹೊರಗಿದೆ. ಅದನ್ನು ಕಂಡು ನನಗೆ ಮೈ ಉರಿಯುತ್ತಿತ್ತು. ಪುಕ್ಕಟೆ ಅಂಗಿ ಎಂದರೆ ಹೇಗೋ ಹೊಲಿದದ್ದು ಎಂದು ಜನ ತಿಳಿಯಬಾರದು. ಅದಕ್ಕೆ ಹಾಜಿ ಸಾಹೇಬರಿಗೆ ಹೇಳಿದೆ: "ಚೀಟಿ ಬೇಡ. ಪ್ರತಿ ಹುಡುಗನ ಒಂದು ಹಳೇ ಅಂಗಿ ತರಿಸಿ, ನಂಬರ್ ಪಿನ್ ಮಾಡಿ ಕೊಡ್ರಿ. ಅಂಗಿ ಸುಳ್ಳು ಹೇಳಲ್ಲ." ಅವರಿಗೂ ಹಿಡಿಸಿತು. ರಂಜಾನ್ ಸುರುವಾಗುವ ಹೊತ್ತಿಗೆ ನಲವತ್ತೆರಡು ಹಳೇ ಅಂಗಿಗಳ ಗಂಟು ಬಂತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಬಟ್ಟೆಯನ್ನು ಹಾಜಿ ಸಾಹೇಬರೇ ಹುಬ್ಬಳ್ಳಿಯಿಂದ ತಂದಿದ್ದರು. ತಿಳಿನೀಲಿಯ ಮೇಲೆ ಕಂದು ಚೌಕುಳಿ, ದಪ್ಪ ಹತ್ತಿ, ಎರಡು ತಾನು. ಮೊದಲು ಬಟ್ಟೆಯನ್ನು ಇಡೀ ದಿನ ನೀರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿದೆ. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಎಂದು. ಆಮೇಲೆ ಹಳೇ ಅಂಗಿಗಳನ್ನು ಅಳತೆಯ ಪ್ರಕಾರ ನಾಲ್ಕು ರಾಶಿ ಮಾಡಿಕೊಂಡು, ಬಟ್ಟೆಯನ್ನು ಆರು ಪದರ ಹಾಸಿ, ಚೌಕುಳಿಯ ಗೆರೆಗೆ ಗೆರೆ ಕೂಡಿಸಿ ಚಾಕಿನಲ್ಲಿ ಗುರುತು ಹಾಕಿದೆ. ಚೌಕುಳಿ ಬಟ್ಟೆ ದರ್ಜಿಯ ಪರೀಕ್ಷೆ. ಎದೆಯ ಪಟ್ಟಿಯಲ್ಲಿ ಗೆರೆ ಒಂದು ಎಳೆ ತಪ್ಪಿದರೂ ದೂರದಿಂದ ಕಾಣುತ್ತದೆ. ಅಬ್ಬಾ ಮಾಡುತ್ತಿದ್ದಂತೆ ಪ್ರತಿ ಅಂಗಿಯ ಕೆಳಗಡೆ ಮೂರು ಬೆರಳು, ತೋಳಲ್ಲಿ ಎರಡು ಬೆರಳು ಹೆಚ್ಚಿನ ಬಟ್ಟೆ ಒಳಗೆ ಮಡಚಿ ಬಿಟ್ಟೆ. ಬೆಳೆಯುವ ಮಕ್ಕಳು, ಮುಂದಿನ ವರ್ಷ ಹೊಲಿಗೆ ಬಿಚ್ಚಿಕೊಂಡರೆ ಮತ್ತೊಂದು ವರ್ಷ ಬರುತ್ತದೆ.

ಇನ್ನು ಕಾಜಾ, ಎಂದರೆ ಗುಂಡಿ ತೂರಿಸುವ ತೂತು. ಒಂದು ಅಂಗಿಗೆ ಆರು. ಊರಲ್ಲಿ ಕಾಜಾ ಮಷಿನ್ ಬಂದು ಎಷ್ಟೋ ವರ್ಷವಾಗಿದ್ದರೂ ನಮ್ಮ ಅಂಗಡಿಯಲ್ಲಿ ಕೈಕಾಜಾ ಹಾಕುತ್ತಿದ್ದವಳು ಒಬ್ಬಳಿದ್ದಳು. ಪಕ್ಕದ ಓಣಿಯವಳು, ಮೂವತ್ತೈದರ ಆಸುಪಾಸಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಅಮ್ಮನ ಹತ್ತಿರ ಕೂತು ಕಾಜಾ ಕಲಿತವಳು. ಆ ಲೆಕ್ಕದಲ್ಲಿ ನನ್ನನ್ನು ಮಾಮೂ ಎನ್ನುತ್ತಿದ್ದಳು. ಅವಳ ಕಾಜಾ ಎಂದರೆ ಅಂಗಿ ಹರಿದರೂ ಹರಿಯದ ಕಾಜಾ. ಎರಡೂ ತುದಿಗೆ ಎಲ್ಲರೂ ಒಂದು ಅಡ್ಡ ಟಾಕಾ, ಎಂದರೆ ಬಿಗಿ ಹೊಲಿಗೆ, ಹಾಕಿದರೆ ಇವಳು ಎರಡು ಹಾಕುತ್ತಿದ್ದಳು. ಗಂಡ ಲಾರಿ ಡ್ರೈವರ್. ಯಲ್ಲಾಪುರದಿಂದ ಕೆಳಗಿಳಿಯುವ ಘಟ್ಟದಲ್ಲಿ ಲಾರಿ ಮಗುಚಿ, ಸೊಂಟ ಮುರಿದು, ಎಂಟು ತಿಂಗಳಿಂದ ಮನೆಯಲ್ಲಿದ್ದ. ಮನೆಯಲ್ಲಿ ಅತ್ತೆ, ಒಬ್ಬ ಮಗ, ಒಬ್ಬಳು ಮಗಳು. ಇಷ್ಟು ನಮಗೆಲ್ಲ ಗೊತ್ತಿತ್ತು. ಆದರೆ ಒಲೆಯ ಮೇಲೆ ಏನಿದೆ ಎಂಬುದು ಯಾರಿಗೂ ಗೊತ್ತಾಗದ ಹಾಗೆ ಅವಳು ಬಾಗಿಲು ಸಾರಿಸಿ ಇಡುತ್ತಿದ್ದಳು.

ಬೇರೆ ದಿನ ಒಂದೊಂದು ಕಾಜಾಕ್ಕೂ ಕೂಲಿ ಎಣಿಸಿ ತೆಗೆದುಕೊಳ್ಳುವವಳು ರಂಜಾನಿನ ಅಂಗಿಗಳಿಗೆ ಮಾತ್ರ ಕೈ ಮುಂದೆ ಮಾಡುತ್ತಿರಲಿಲ್ಲ. ಆ ವರ್ಷವೂ ನಾನು ಕೇಳಿದೆ: "ಬೇಟಿ, ಈ ಸಲ ತಗೋ. ಮನೇಲಿ ಕಷ್ಟ ಇದೆ."

"ಹೊಲಿಗೆ ನಿಮ್ಮ ದಾನ, ಕಾಜಾ ನಂದು," ಎಂದಳು. "ನಂದನ್ನೂ ನೀವೇ ಕೊಟ್ರೆ ನಾನೇನು ಗುಂಡಿ ನುಂಗಲಾ ಮಾಮೂ?"

ನಕ್ಕೆ. ಬಾಯಿಗೆ ಬಾಯಿ ಕೊಟ್ಟು ಅವಳ ಹತ್ತಿರ ಗೆದ್ದವರಿಲ್ಲ.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅವಳು ಬರುತ್ತಿದ್ದಳು. ಬಿರುಬೇಸಿಗೆಯ ರೋಜಾ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಅವಳು ಬಾಗಿಲ ಬೆಳಕಿಗೆ ಕೂತು ಕಾಜಾ ಹಾಕುವಳು, ನಾನು ಮಷಿನ್ ತುಳಿಯುವೆ. ಗಂಟಲು ಒಣಗಿ ಮಾತು ಕಡಿಮೆಯಾದಾಗಲೂ ಆ ಎರಡು ಸದ್ದು ನಿಲ್ಲುತ್ತಿರಲಿಲ್ಲ: ನನ್ನ ಮಷಿನ್ನಿನದು, ಅವಳು ದಾರ ಎಳೆದಾಗಿನ ಸಣ್ಣ ಸದ್ದು. ಎಷ್ಟು ಚಂದದ ಮಧ್ಯಾಹ್ನಗಳು ಅವು. ಹಸಿವೆಯೂ ಸುಖವಾಗಿತ್ತು ಎಂದರೆ ಈಗಿನವರು ನಂಬುವುದಿಲ್ಲ.

ಹೊಲಿದು ಮುಗಿದ ಪ್ರತಿ ಹೊಸ ಅಂಗಿಯನ್ನೂ ಅದೇ ನಂಬರಿನ ಹಳೇ ಅಂಗಿಯ ಜೊತೆ ಸುತ್ತಿ ಅವಳ ಮುಂದಿಡುತ್ತಿದ್ದೆ. ಹಳೆಯದನ್ನು ನೋಡಿ ಅವಳು ಗುಂಡಿಗಳ ಅಂತರ ಗುರುತು ಹಾಕಬೇಕು, ಕೊನೆಗೆ ಹಳೆಯದೂ ಹೊಸದರ ಜೊತೆಗೇ ಆ ಮನೆಗೆ ವಾಪಸಾಗಬೇಕು. ಇದೂ ನನ್ನದೇ ಏರ್ಪಾಡು.

ಹದಿನಾಲ್ಕನೇ ರೋಜಾದ ದಿನ ಇಪ್ಪತ್ತೇಳನೇ ನಂಬರಿನ ಸುತ್ತನ್ನು ನನ್ನ ಕೈಯಾರೆ ಅವಳಿಗೆ ಕೊಟ್ಟೆ. ಬಿಚ್ಚಿದಳು. ಹಳೇ ಅಂಗಿಯ ಕಾಲರಿನ ಹತ್ತಿರ ಬೆರಳಾಡಿಸಿದಳು. ನಾನು ಒಂದು ತೋಳು ಕೂಡಿಸಿ ಮುಗಿಸಿದೆ. ತಲೆ ಎತ್ತಿ ನೋಡಿದರೆ ಅವಳು ಆ ಹಳೇ ಅಂಗಿಯನ್ನು ಮಡಚಿ, ಹೊಸದರ ಮೇಲಿಟ್ಟು, ಅರ್ಧಕ್ಕೆ ಬಿಟ್ಟಿದ್ದ ಹಿಂದಿನ ಅಂಗಿಯ ಕಾಜಾ ಮುಗಿಸುತ್ತಿದ್ದಳು. ಎರಡೂ ತುದಿಗೆ ಅಡ್ಡ ಟಾಕಾ ಹಾಕಿದಳು. ಸೂಜಿಯನ್ನು ಪುಟ್ಟ ಸೂಜಿಗಾದಿಗೆ ಚುಚ್ಚಿದಳು.

"ತಲೆ ನೋಯ್ತಾ ಇದೆ ಮಾಮೂ. ಬರ್ತೀನಿ," ಎಂದು ಹೋದಳು.

ಬಿಸಿಲಿಗೆ ರೋಜಾದ ಸುಸ್ತು ಹೊಡೆದಿರಬೇಕು ಎಂದುಕೊಂಡೆ. ಮರುದಿನ ಬರಲಿಲ್ಲ. ಅದರ ಮರುದಿನ ಅವಳ ಅತ್ತೆ ಬಂದಳು. ಬುರ್ಖಾದ ಮುಖಪರದೆ ಎತ್ತಿ ಬಾಗಿಲಲ್ಲೇ ನಿಂತು, ಯಾರಾದರೂ ಕೇಳುತ್ತಾರೋ ಎಂದು ಎರಡೂ ಕಡೆ ನೋಡಿ ಹೇಳಿದಳು:

"ಅಂಗಿ ನಾನೇ ಕೊಟ್ಟಿದ್ದು ಭಾಯ್. ಹಾಜಿಯಮ್ಮ ಬಂದು ಕೇಳಿದ್ರು. ಸೊಸೆಗೆ ಹೇಳಿದ್ರೆ ಕೊಡಾಕೆ ಬಿಡ್ತಿರಲಿಲ್ಲ. ಒಣಗಾಕಿದ ಅಂಗಿ ಗಾಳಿಗೆ ಹಾರಿಹೋತು ಅಂತ ಸುಳ್ಳು ಹೇಳ್ದೆ. ಅದು ನಿಮ್ಮ ಅಂಗಡೀಲಿ ಅವಳ ಕೈಗೇ ಸಿಗ್ತದೆ ಅಂತ ನನಗೇನು ಗೊತ್ತು? ಎರಡು ದಿನ ಆಯ್ತು, ನನ್ನ ಜೊತೆ ಮಾತಿಲ್ಲ. ಸಂಜೆ ಬರೀ ನೀರು ಕುಡಿದು ರೋಜಾ ಬಿಡ್ತಾಳೆ, ಎದ್ದು ಹೋಗ್ತಾಳೆ."

ಅವಳು ಹೋದ ಮೇಲೆ ಆ ಹಳೇ ಅಂಗಿಯನ್ನು ಬೆಳಕಿಗೆ ಹಿಡಿದೆ. ಆರು ಕಾಜಾ, ಪ್ರತಿಯೊಂದರ ಎರಡೂ ತುದಿಗೆ ಎರಡೆರಡು ಅಡ್ಡ ಟಾಕಾ. ಇಡೀ ಶಿರಸಿಯಲ್ಲಿ ಒಬ್ಬಳೇ ಹಾಗೆ ಹಾಕುವವಳು. ಆ ಅಂಗಿಯನ್ನು ಹಾಸಿ, ಅಳೆದು, ಅದರಂತೆ ಹೊಸದನ್ನು ಕತ್ತರಿಸಿದವನು ನಾನು. ಎದೆ, ತೋಳು, ಉದ್ದ ಎಲ್ಲ ನೋಡಿದೆ, ಕಾಜಾ ನೋಡಲಿಲ್ಲ. ನನಗೆ ನಾಚಿಕೆಯಾಯಿತು. ಮೂವತ್ತು ಚಿಲ್ಲರೆ ವರ್ಷ ಆ ಕೆಲಸ ಮಾಡಿ ಇದನ್ನು ಕಾಣದಿದ್ದ ಮೇಲೆ ನಾನು ಎಂಥ ದರ್ಜಿ?

ಇನ್ನೊಂದು ಕಡೆ ಕೆಲಸ ನಿಂತಿತ್ತು. ಇಪ್ಪತ್ತೆಂಟು ಅಂಗಿಗಳಿಗೆ ಕಾಜಾ ಆಗಬೇಕಿತ್ತು. ಕಾಜಾ ಮಷಿನ್ನಿನವನ ಹತ್ತಿರ ಹೋದರೆ ಮದುವೆ ಸೀಸನ್ನಿನ ಕೆಲಸ ತುಂಬಿಕೊಂಡು ಕೂತಿದ್ದ. "ಹಬ್ಬ ಮುಗಿದ ಮೇಲೆ ತನ್ನಿ ಮಾಸ್ತರ್ರೆ" ಎಂದ. ಹಬ್ಬ ಮುಗಿದ ಮೇಲೆ ಹಬ್ಬದ ಅಂಗಿ ಯಾರಿಗೆ ಬೇಕು? ನಾನೇ ಕೂತು ಹಾಕಿದೆ. ಒಂದು ಮಧ್ಯಾಹ್ನಕ್ಕೆ ಒಂಬತ್ತಾಯಿತು. ಅದರಲ್ಲಿ ಮೂರನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು.

ಸಂಜೆಯ ಮೊದಲು ಅವಳ ಮನೆಗೆ ಹೋದೆ. ಗಂಡ ಹಾಸಿಗೆಯಲ್ಲಿ ಒರಗಿ ಕೂತು ಸಲಾಮ್ ಹೇಳಿ, ಗೋಡೆ ಕಡೆ ತಿರುಗಿದ. ಅವಳು ಒಳಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ತಪ್ಪಾಯಿತು ಎಂದೆ. ಗೊತ್ತಿಲ್ಲದೆ ಆದದ್ದು ಎಂದೆ.

"ನಿಮ್ಮ ಮೇಲೆ ಸಿಟ್ಟಿಲ್ಲ ಮಾಮೂ," ಎಂದಳು. "ಅತ್ತೆಯಮ್ಮನ ಮೇಲೂ ಇಲ್ಲ. ಹುಡುಗನಿಗೆ ಹಬ್ಬಕ್ಕೆ ಅಂಗಿ ಇಲ್ಲ ಅನ್ನೋದು ಖರೇನೇ. ಆದ್ರೆ ವರ್ಷಕ್ಕೊಂದು ಸಲ, ಆ ಒಂದು ತಿಂಗಳು, ನಾನೂ ಕೊಡೋಳು ಅಂತ ತಿಳ್ಕೊಂಡಿದ್ದೆ. ಈಗ ನನ್ನ ಮಗನ ಅಂಗಿಗೆ ನಾನೇ ಕಾಜಾ ಹಾಕಿ ದಾನ ಮಾಡಿದೆ ಅಂತ ಕೂತ್ಕೊಳ್ಳಲಾ? ಅದೂ ಹೋತು ಅಂದ್ರೆ ನನ್ನ ಹತ್ರ ಕೊಡೋಕೆ ಏನೂ ಉಳೀಲಿಲ್ಲ."

ಅವಳು ಮುಂದುವರಿಸಿದಳು.

"ಮತ್ತೆ ಆ ಬಟ್ಟೆ. ನಲವತ್ತೆರಡು ಹುಡುಗ್ರು ಒಂದೇ ಚೌಕುಳಿ ಹಾಕ್ಕೊಂಡು ಈದ್ಗಾಕ್ಕೆ ಹೋಗ್ತಾರೆ. ನೀವು ನಂಬರ್ ಬರೆದು ಹೆಸರು ಮುಚ್ಚಿಟ್ರಿ. ಮೈದಾನದಾಗೆ ಯಾರು ಬೇಕಾದ್ರೂ ನೋಡಿ ಹೇಳಬಹುದು, ಇವ ತಗೊಂಡವ, ಇವ ತಗೊಂಡವ ಅಂತ. ನನ್ನ ಮಗನ ಹೆಸರು ತೆಗೀರಿ. ಹಳೇ ಅಂಗಿ ವಾಪಸ್ ಕೊಡ್ರಿ, ಒಗೆದು ಹಾಕ್ತೀನಿ."

ಅಲ್ಲಿಂದ ಎದ್ದು ಬರುವಾಗ ನನ್ನ ಕಾಲು ಮನೆ ಕಡೆ ಹೋಗಲಿಲ್ಲ. ಮಸೀದಿಯಲ್ಲಿ ಕೈಕಾಲು ತೊಳೆಯುವ ಹೌಜಿನ ಕಟ್ಟೆಯ ಮೇಲೆ ಕೂತೆ. ಅವಳು ಹೇಳಿದ ಎರಡನೇ ಮಾತು ನನಗೆ ಹೊಸದಾಗಿರಲಿಲ್ಲ. ಅದನ್ನು ನಾನು ಮರೆತಿದ್ದೆ, ಅಥವಾ ಮರೆತಂತೆ ಇದ್ದೆ. ನನಗೆ ಹತ್ತು ವರ್ಷವಿದ್ದಾಗ ಅಬ್ಬಾಗೆ ಕಾಮಾಲೆಯಾಗಿ ಮೂರು ತಿಂಗಳು ಅಂಗಡಿ ಮುಚ್ಚಿತ್ತು. ಆ ಹಬ್ಬಕ್ಕೆ ಬೇರೆ ಯಾರೋ ಹೊಲಿದ, ಬಿಳಿಯ ಮೇಲೆ ಹಸಿರು ಪಟ್ಟೆಯ ಅಂಗಿ ನಮ್ಮ ಮನೆಗೂ ಬಂತು. ಅಮ್ಮ ಅದಕ್ಕೆ ಅತ್ತರು ಹಚ್ಚಿ, ತಲೆ ಬಾಚಿ ಕಳಿಸಿದಳು. ಎಷ್ಟು ಖುಷಿಯಲ್ಲಿ ಹೋದೆ! ಈದ್ಗಾದಲ್ಲಿ ನನ್ನ ಕ್ಲಾಸಿನ ಒಬ್ಬ ಹುಡುಗ ಎದುರಿಗೆ ಬಂದ. ಅವನ ಮೈಮೇಲೂ ಅದೇ ಹಸಿರು ಪಟ್ಟೆ. ದಿನವೂ ಒಟ್ಟಿಗೆ ಗೋಲಿ ಆಡುವವರು ನಾವು. ನಮಾಜು ಮುಗಿದ ಮೇಲೆ ಎಲ್ಲರೂ ಎಲ್ಲರನ್ನೂ ಅಪ್ಪಿಕೊಳ್ಳುವ ಹೊತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ, ಬೇರೆ ಬೇರೆ ಕಡೆ ತಿರುಗಿ ಹೋದೆವು. ಆ ಅಂಗಿಯನ್ನು ನಾನು ಮತ್ತೆ ಹಾಕಲಿಲ್ಲ. ಇಷ್ಟೆಲ್ಲ ಅನುಭವಿಸಿದವನೇ ಅಷ್ಟು ವರ್ಷ ಒಂದೇ ತಾನಿನಿಂದ ಅಂಗಿ ಕತ್ತರಿಸುತ್ತ, ಗೆರೆ ಕೂಡಿತೇ ಎಂದು ನೋಡುತ್ತ ಕೂತಿದ್ದೆ.

ಮರುದಿನ ಹಾಜಿ ಸಾಹೇಬರ ಮನೆಗೆ ಹೋದೆ. ಲಾರಿಗಳನ್ನು ಇಟ್ಟುಕೊಂಡ ಮನುಷ್ಯ, ಗುಡುಗುವ ದನಿ, ಒಳಗೆ ಬೆಣ್ಣೆ. ಅವಳ ಹೆಸರು ಹೇಳದೆ, ಬಟ್ಟೆಯ ಮಾತು ಎತ್ತಿದೆ. ಅವರಿಗೆ ಸಿಟ್ಟು ಬಂತು.

"ಎಂಥ ಬಟ್ಟೆ ತಂದಿದೀನಿ ನೋಡಿದೆಯಾ ಮಾಸ್ತರ್? ಮೂರು ವರ್ಷ ಹಾಕಿದ್ರೂ ಹರಿಯಲ್ಲ."

"ಅದೇ ತೊಂದರೆ ಹಾಜಿ ಸಾಬ್. ಮೂರು ವರ್ಷ ಗುರುತು ಸಿಗ್ತದೆ."

ಬೇರೆ ಬೇರೆ ಬಟ್ಟೆ ತಂದು ಹೊಸದಾಗಿ ಹೊಲಿಯಲು ದಿನ ಉಳಿದಿರಲಿಲ್ಲ. ನಲವತ್ತೆರಡೂ ಕತ್ತರಿಸಿ ಆಗಿತ್ತು. ಹೌಜಿನ ಕಟ್ಟೆಯ ಮೇಲೆ ಹೊಳೆದದ್ದನ್ನು ಹೇಳಿದೆ: "ನಿಮ್ಮ ಮೊಮ್ಮಕ್ಕಳಿಗೂ ಇದೇ ಬಟ್ಟೇಲಿ ಹೊಲೀತೀನಿ. ನನ್ನ ಮೊಮ್ಮಕ್ಕಳಿಗೂ. ಆಗ ಯಾರು ಯಾರು ಅಂತ ಯಾರಿಗೆ ತಿಳೀತದೆ?"

"ತಲೆ ನೆಟ್ಟಗಿದೆಯಾ? ಜಕಾತಿನ ಬಟ್ಟೆ ಅದು! ನನ್ನ ಮನೆಯವರ ಮೈಮೇಲೆ ಅದರ ಒಂದು ಎಳೆ ಬರಬಾರದು."

ಅದು ನಿಜವೇ. ಇಬ್ಬರೂ ಮಸೀದಿಗೆ ಹೋಗಿ ಮೌಲಾನಾರನ್ನು ಕೇಳಿದೆವು. ಅವರು ನಿಧಾನವಾಗಿ ಹೇಳಿದರು: "ಆ ತಾನು ಇಲ್ಲದವರ ಹಕ್ಕು, ಅದನ್ನು ನೀವು ಮುಟ್ಟಬೇಡಿ. ಆದ್ರೆ ಕೊಡುವಾಗ ಇದು ಜಕಾತ್ ಅಂತ ಹೇಳಬೇಕಾದ್ದೇನೂ ಇಲ್ಲ. ಕೊಡುವವರ ಮನಸ್ಸಲ್ಲಿದ್ರೆ ಸಾಕು. ಹಬ್ಬದ ಉಡುಗೊರೆ ಅಂತ ಕೊಡಿ. ಅಂಥದೇ ಬಟ್ಟೆ ನಿಮ್ಮ ಸ್ವಂತ ದುಡ್ಡಿಂದ ಕೊಂಡು ನಿಮ್ಮ ಮಕ್ಕಳಿಗೆ ಹೊಲಿಸಿದ್ರೆ ಬೇಡ ಅನ್ನೋರು ಯಾರು?"

ಹಾಜಿ ಸಾಹೇಬರು ಗಡ್ಡ ನೀವಿಕೊಂಡು ನನ್ನ ಕಡೆ ನೋಡಿದರು. "ಹುಡುಕು. ಸಿಕ್ಕರೆ ನನಗೂ ಒಂದು ಹೊಲಿ."

ಹುಬ್ಬಳ್ಳಿಯ ವ್ಯಾಪಾರಿಗೆ ಫೋನ್ ಮಾಡಿದರೆ ಆ ಚೌಕುಳಿ ಖಾಲಿಯಾಗಿತ್ತು. ಉಳಿದದ್ದನ್ನು ಹೋದ ವರ್ಷವೇ ನಿಮ್ಮ ಕಡೆಯ ಅಂಗಡಿಗಳಿಗೆ ಕಳಿಸಿದ್ದೆ, ಯಾವ ಅಂಗಡಿ ಎಂದು ನೆನಪಿಲ್ಲ ಎಂದ. ಶಿರಸಿಯ ಅಂಗಡಿಗಳನ್ನೆಲ್ಲ ಸುತ್ತಿದೆ, ಇರಲಿಲ್ಲ. ಮರುದಿನ ಒಂದು ತುಂಡನ್ನು ಜೇಬಿನಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಯಲ್ಲಾಪುರಕ್ಕೆ ಹೋದೆ. ಮೂರನೇ ಅಂಗಡಿಯಲ್ಲಿ ತಾನು ಕಂಡಾಗ ಸಿಕ್ಕಿತು ಎಂದು ಹಿಗ್ಗಿದೆ. ಅಂಗಡಿಯವನು ಅಳೆಯಲು ಗಜ ಎತ್ತಿದ್ದ. ಏನೋ ಅನುಮಾನ ಬಂದು ಬಟ್ಟೆಯನ್ನು ಬಿಸಿಲಿಗೆ ಒಯ್ದು ನನ್ನ ತುಂಡಿನ ಪಕ್ಕ ಹಿಡಿದೆ. ಒಳಗೆ ಕಂದಾಗಿ ಕಂಡದ್ದು ಹೊರಗೆ ಕೆಂಪಾಗಿತ್ತು. ಇದನ್ನೇನಾದರೂ ಹೊಲಿದಿದ್ದರೆ ಉಳ್ಳವರ ಚೌಕುಳಿ, ಇಲ್ಲದವರ ಚೌಕುಳಿ ಎಂದು ಎರಡಾಗಿ, ಮೊದಲಿಗಿಂತ ಕೇಡಾಗುತ್ತಿತ್ತು. ಬರಿಗೈಯಲ್ಲಿ ಬಸ್ಸು ಹತ್ತಿದೆ. ಕಿಟಕಿಯ ಬಿಸಿಲಿಗೆ ತಲೆ ಸುತ್ತಿ ಬಂತು. ಅಷ್ಟು ಬಾಯಾರಿದ ರೋಜಾ ನನ್ನ ಆಯುಷ್ಯದಲ್ಲೇ ಇನ್ನೊಂದಿಲ್ಲ.

ಇಪ್ಪತ್ತನೇ ರೋಜಾದ ದಿನ ಸಿದ್ದಾಪುರಕ್ಕೆ ಹೋದೆ. ಅಲ್ಲಿ ಪೇಟೆಯ ಕೊನೆಯಲ್ಲಿ ಒಂದು ಹಳೇ ಬಟ್ಟೆ ಅಂಗಡಿ. ಮಾಲೀಕರು ಎಂಬತ್ತರ ಹತ್ತಿರದ ಹೆಗಡೆಯವರು. ನನ್ನ ತುಂಡನ್ನು ಕನ್ನಡಕ ಏರಿಸಿ ನೋಡಿ, ಒಳಗಿದ್ದ ಮಗನನ್ನು ಕೂಗಿದರು: "ತಮಾ, ಅಟ್ಟದ ಮೇಲೆ ಒಂದು ಚೌಕುಳಿ ತಾನು ಬಿದ್ಕಂಡಿದ್ದಲ, ತಗಂಡು ಬಾರ!"

ತಾನು ಬಂತು. ಬಾಗಿಲಿಗೆ ಒಯ್ದು ಬಿಸಿಲಲ್ಲಿ ಹಿಡಿದೆ. ಅದೇ ನೀಲಿ, ಅದೇ ಕಂದು. ಗೆರೆಗೆ ಗೆರೆ ಕೂಡಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಹೆಗಡೆಯವರಿಗೆ ಗಾಬರಿಯಾಯಿತು.

"ಎಂತ ಸಾಯ್ಬ್ರೆ, ಇದಕ್ಕೆಲ್ಲ ಅಳ್ತ್ರಾ? ಇದನ್ನ ವರ್ಷದಿಂದ ಯಾರೂ ಮುಟ್ಟಿದ್ದಿಲ್ಲ ಮಾರಾಯ್ರೆ. ಇದಕ್ಕಿಂತ ಚಲೋದು ತೋರಿಸ್ತೆ, ಕೂತ್ಕಳಿ."

"ಬೇಡ ಹೆಗಡೇರೆ. ಇದಕ್ಕಿಂತ ಚಲೋದು ಇಲ್ಲ."

ಅವರು ಕುಡಿಯಲು ಪಾನಕ ತರಿಸಹೊರಟು, ಆಮೇಲೆ ನನ್ನ ಟೋಪಿ ನೋಡಿ ನಾಲಿಗೆ ಕಚ್ಚಿಕೊಂಡರು. "ಉಪವಾಸ ಅಲ್ದಾ! ಮರೆತೇ ಹೋತು" ಎಂದು, ಬದಲಿಗೆ ನಾಲ್ಕು ಲಿಂಬೆಹಣ್ಣು ಚೀಲಕ್ಕೆ ಹಾಕಿ ಸಂಜೆಗಿರಲಿ ಎಂದರು.

ಎರಡೂ ಮನೆಯ ಮೊಮ್ಮಕ್ಕಳು ಸೇರಿ ಹತ್ತು ಅಂಗಿ, ಹಾಜಿ ಸಾಹೇಬರದೊಂದು. ಬಟ್ಟೆಯನ್ನು ಮೊದಲಿನಂತೆಯೇ ನೆನೆಸಿ, ಒಣಗಿಸಿ, ಕತ್ತರಿಸಿ, ಮೊದಲು ಮೂರು ಅಂಗಿ ಹೊಲಿದು, ಅವಳ ಅತ್ತೆಯ ಕೈಲಿ ಹೇಳಿ ಕಳಿಸಿದೆ: ಒಂದು ಗಳಿಗೆ ಬಂದು ಹೋಗಲಿ, ಕೆಲಸ ಮಾಡದಿದ್ದರೂ ಸರಿ. ಮರುದಿನ ಮಧ್ಯಾಹ್ನ ಬಂದಳು. ಒಳಗೆ ಬರದೆ ಮೆಟ್ಟಿಲ ಮೇಲೆ ನಿಂತಳು. ನಾನು ನಂಬರು ಚೀಟಿ ತೆಗೆದ ಎರಡು ಅಂಗಿಗಳನ್ನು ಹಲಗೆಯ ಮೇಲೆ ಪಕ್ಕಪಕ್ಕ ಹಾಸಿದೆ.

"ಒಂದು ಕಮಿಟಿಯದು. ಒಂದು ಹಾಜಿ ಸಾಬರ ಮೊಮ್ಮಗನದು. ಯಾವುದು ಯಾರದು ಹೇಳು."

ಊರಲ್ಲೇ ಚೂಪು ಕಣ್ಣು ಅವಳದು. ಎತ್ತಿ ನೋಡಿದಳು. ಒಳಮೈ ತಿರುಗಿಸಿದಳು. ಹೊಲಿಗೆಯ ಅಂಚು, ಕಾಲರು, ತೋಳಲ್ಲಿ ಮಡಚಿಟ್ಟ ಎರಡು ಬೆರಳು ಬಟ್ಟೆ ಎಲ್ಲ ನೋಡಿದಳು. ಬಹಳ ಹೊತ್ತು ನೋಡಿದಳು.

"ಯಾವುದು ಮಾಮೂ?"

"ಚೀಟಿ ತೆಗೆದ ಮೇಲೆ ನನಗೂ ಗೊತ್ತಿಲ್ಲ," ಎಂದೆ. ಅದು ಸುಳ್ಳಾಗಿರಲಿಲ್ಲ. "ಈಗ ಇವನ್ನು ಬೇರೆ ಮಾಡೋಕೆ ನಾನು ಹಳೇ ಅಂಗಿ ಇಟ್ಟು ಅಳೀಬೇಕು."

ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಬೆಳಕಿಗೆ ತನ್ನ ಜಾಗದಲ್ಲಿ ಕೂತಳು. ಗಾದಿಯಲ್ಲಿ ಚುಚ್ಚಿಟ್ಟಿದ್ದ ಸೂಜಿ ಅಲ್ಲೇ ಇತ್ತು.

"ಹಾಜಿ ಸಾಬರ ಮನೆ ಅಂಗಿಗೆ ಕೂಲಿ ತಗೋತೀನಿ, ಮೊದಲೇ ಹೇಳಿದ್ದೀನಿ. ಕಮಿಟಿ ಅಂಗಿಗೆ ಬೇಡ." ದಾರವನ್ನು ಓರೆಯಾಗಿ ಕತ್ತರಿಸಿ ಮೇಣದ ಮೇಲೆ ಎಳೆದಳು. ನನ್ನ ಕಡೆ ನೋಡದೆ ಹೇಳಿದಳು: "ಇಪ್ಪತ್ತೇಳನೇದು ರಾಶಿಗೇ ಸೇರಿಸಿ. ಅವನಿಗೆ ಮಾಮೂ ಹಬ್ಬಕ್ಕೆ ಕೊಟ್ಟ ಈದಿ ಅಂತ ಹೇಳ್ತೀನಿ."

ಉಳಿದ ಎಂಟು ದಿನ ನಾವಿಬ್ಬರೂ ಮಾಡಿದ ಕೆಲಸ ನೆನೆದರೆ ಈಗಲೂ ಬೆರಳು ಜುಮ್ಮೆನ್ನುತ್ತದೆ. ಆ ಐವತ್ತಮೂರು ಅಂಗಿಗಳಲ್ಲಿ ನಾನು ಹಾಕಿದ ಒಂಬತ್ತು ಕಾಜಾ ಬಿಟ್ಟರೆ ಉಳಿದೆಲ್ಲ ಅವಳ ಕೈಯವು. ಆ ಒಂಬತ್ತನ್ನೂ ಬಿಚ್ಚಿ ಮತ್ತೆ ಹಾಕಿದಳು, ಹೇಳದೆ. ಇಪ್ಪತ್ತೇಳನೇ ಅಂಗಿ ಅವಳ ಕೈಲಿದ್ದಾಗ ನಾನು ಮಷಿನ್ನಿಗೆ ಎಣ್ಣೆ ಬಿಡುವ ನೆಪ ಮಾಡಿಕೊಂಡು ಆಚೆ ತಿರುಗಿದ್ದೆ.

ಹಬ್ಬದ ಬೆಳಿಗ್ಗೆ ನಾನು ಸ್ನಾನ ಮಾಡಿ ಹೊರಡುವ ಹೊತ್ತಿಗೆ ಅವಳು ನಮ್ಮ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಚೀಲ. ಅಂಗಿ ಕತ್ತರಿಸಿ ಉಳಿದ ಚೌಕುಳಿ ಚೂರುಗಳನ್ನು ಕೂಡಿಸಿ ಹೊಲಿದದ್ದು. ಅದರಲ್ಲಿ ಅಕ್ಕಿ ಇತ್ತು. ಹಬ್ಬದ ನಮಾಜಿಗೆ ಮೊದಲು ಮನೆಯ ಪ್ರತಿ ತಲೆಗೆ ಇಷ್ಟು ಧಾನ್ಯ ಎಂದು ಇಲ್ಲದವರಿಗೆ ಮುಟ್ಟಿಸುವ ಫಿತ್ರಾ. ಅವಳ ಸ್ಥಿತಿಯಲ್ಲಿದ್ದವರು ಅದನ್ನು ಕೊಡಲೇಬೇಕೆಂದಿಲ್ಲ. ನಾನು ಅದನ್ನು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

"ಐದು ತಲೆಯದು ಮಾಮೂ. ಹಾಜಿ ಸಾಬರ ಮನೆ ಕಾಜಾದ ಕೂಲಿಯಲ್ಲಿ ತಂದಿದ್ದು, ನನ್ನದೇ. ಬೇಕಾದ ಮನೆಗೆ ಮುಟ್ಟಿಸಿ." ಚೀಲ ನನ್ನ ಕೈಗೆ ಕೊಟ್ಟು, ಮೆಟ್ಟಿಲಿಳಿದು, ತಿರುಗಿ ನಿಂತಳು. "ಯಾರ ಮನೆ ಅಂತ ನನಗೆ ಹೇಳಬೇಡ್ರಿ."

ದಾರಿಯಲ್ಲೇ ಅದನ್ನು ಮುಟ್ಟಿಸಿ ಈದ್ಗಾಕ್ಕೆ ಹೋದೆ. ಮೈದಾನದ ತುಂಬ ನೀಲಿ ಚೌಕುಳಿ. ಹಾಜಿ ಸಾಹೇಬರು ಮೊದಲ ಸಾಲಿನಲ್ಲಿ ಅದೇ ಅಂಗಿಯಲ್ಲಿ ನಿಂತಿದ್ದರು. ಹೊಟ್ಟೆಯ ಹತ್ತಿರದ ಗುಂಡಿ ಎಳೆದಾಡುತ್ತಿತ್ತು, ಆದರೆ ಕಾಜಾ ಗಟ್ಟಿ. "ಏನು ಹಾಜಿ ಸಾಬ್, ಮೊಮ್ಮಕ್ಕಳ ಜೊತೆ ಯೂನಿಫಾರಮ್ಮಾ?" ಎಂದು ಯಾರೋ ಚೇಷ್ಟೆ ಮಾಡಿದರು. "ಹಬ್ಬ ಅಲ್ವೇನೋ!" ಎಂದು ಗುಡುಗಿದರು. ನಮಾಜು ಮುಗಿಯಿತು. ಅವರ ಮೊಮ್ಮಗ ಮತ್ತು ಇನ್ನೊಬ್ಬ ಹುಡುಗ, ಇಬ್ಬರೂ ಒಂದೇ ಚೌಕುಳಿಯವರು, ಎದುರಾದರು. ಒಬ್ಬರ ಅಂಗಿ ಒಬ್ಬರು ಹಿಡಿದು ಎಳೆದು ನಕ್ಕು ಅಪ್ಪಿಕೊಂಡರು. ಆ ಇನ್ನೊಬ್ಬ ಹುಡುಗನದು ಇಪ್ಪತ್ತೇಳನೇ ನಂಬರಿನ ಅಂಗಿ ಎಂದು ನನಗೆ ಗೊತ್ತಿತ್ತು. ಅಲ್ಲಿದ್ದ ಬೇರೆ ಯಾರಿಗೂ ಗೊತ್ತಾಗಲಿಲ್ಲ. ನನ್ನ ಕ್ಲಾಸಿನ ಆ ಹಸಿರು ಪಟ್ಟೆಯ ಗೆಳೆಯ ಈಗ ಎಲ್ಲಿದ್ದಾನೋ ಎಂದು ಬಹಳ ಸಂಕಟವಾಯಿತು.

ಮರುವರ್ಷದಿಂದ ಕಮಿಟಿಯವರು ರೆಡಿಮೇಡ್ ಅಂಗಡಿಯ ಚೀಟಿ ಕೊಡತೊಡಗಿದರು. ಅವರವರಿಗೆ ಬೇಕಾದ ಬಣ್ಣ ಅವರವರು ಆರಿಸಿಕೊಳ್ಳುತ್ತಾರೆ. ಒಳ್ಳೆಯದೇ ಆಯಿತು, ನಾನು ಗೊಣಗುವುದಿಲ್ಲ. ಅವಳ ಗಂಡ ಈಗ ಕೋಲು ಹಿಡಿದು ಓಡಾಡುತ್ತಾನೆ, ಪೇಟೆಯಲ್ಲಿ ಹಣ್ಣಿನ ಗಾಡಿ ಇಟ್ಟಿದ್ದಾನೆ. ಆ ಮಧ್ಯಾಹ್ನಗಳು ಮಾತ್ರ ಹೋದವು. ಬಾಗಿಲ ಬೆಳಕು, ಒಣಗಿದ ಗಂಟಲು, ದಾರ ಎಳೆಯುವ ಆ ಸಣ್ಣ ಸದ್ದು ಇವಕ್ಕಾಗಿ ನನ್ನ ಜೀವ ಎಳೆಯುತ್ತದೆ.

ಆದರೆ ಚೌಕುಳಿ ಚೀಲ ಪ್ರತಿ ಹಬ್ಬದ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುತ್ತದೆ. ಬಣ್ಣ ಮಾಸಿದೆ, ಹಿಡಿಕೆಗೆ ಎರಡು ಸಲ ತೇಪೆ ಬಿದ್ದಿದೆ. ಅಕ್ಕಿ ಮುಟ್ಟಿಸಿ, ಖಾಲಿ ಚೀಲವನ್ನು ಮಡಚಿ ಅವಳಿಗೆ ವಾಪಸ್ ಕೊಡುತ್ತೇನೆ. ಯಾರ ಮನೆಗೆ ಎಂದು ಅವಳು ಇವತ್ತಿನವರೆಗೂ ಕೇಳಿಲ್ಲ.